ಹಪ್ಪಳಕ್ಕೊಂದು ಬಿಸಿಲಮನೆ: ಕಟ್ಟಿದ್ದು, ಮಂಗ ಹರಿದದ್ದು, ತೇಪೆ ಹಾಕಿದ್ದು

ಹಪ್ಪಳ ಒಣಗಿಸಲು ನಾವು ಕಟ್ಟಿದ ಪ್ಲಾಸ್ಟಿಕ್ ಬಿಸಿಲಮನೆಯ ಕಥೆ ಇದು. ಮೊದಲು ಅಳತೆ. ಉದ್ದ 16 ಅಡಿ, ಅಗಲ 8 ಅಡಿ, ನಡುವಿನ ಎತ್ತರ ಆರೂವರೆ ಅಡಿ. ಮುಕ್ಕಾಲು ಇಂಚು ಜಿ.ಐ. (ಸತು ಲೇಪಿಸಿದ ಕಬ್ಬಿಣ) ಪೈಪಿನ ಐದು ಕಮಾನು, ಮೇಲೆ ಬಿಸಿಲಿಗೆ ಬೇಗ ಹಾಳಾಗದ 200 ಮೈಕ್ರಾನ್ ಯುವಿ ಪ್ಲಾಸ್ಟಿಕ್ ಶೀಟು. ಒಳಗೆ ಎರಡೂ ಬದಿ, ಹರಡಿ ಒಣಗಿಸಲು, ಎರಡೆರಡು ಅಂತಸ್ತಿನ ತಟ್ಟಿ. ಪೂರ್ವಕ್ಕೆ ಬಾಗಿಲು, ಪಶ್ಚಿಮಕ್ಕೆ ಚಿಮಿಣಿ. ಜಾಗ ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸು, ಗುಡ್ಡೆಯ ಬದಿಯ ನಮ್ಮ ಮನೆಯಂಗಳ. ಕೆಲಸ ಶುರು ಮಾಡಿದ್ದು 2025ರ ಜನವರಿಯಲ್ಲಿ.

ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ನಮ್ಮ ಕಡೆ ಹೊಸದಲ್ಲ, ಅಲ್ವಾ. ಪ್ರತಿ ಮೂರನೇ ಅಂಗಳದಲ್ಲಿ ಒಂದು ಇರುತ್ತದೆ. ನಾನು ಕಟ್ಟಿದ್ದು ಅಡುಗೆಮನೆಗೆ. ಅದಕ್ಕೇ ಇದನ್ನು ವಿವರವಾಗಿ ಬರೆದಿಡೋಣ ಅನಿಸಿತು.

ನಮ್ಮಲ್ಲಿ ಮಳೆಗಾಲದ ಅಡುಗೆ ತಯಾರಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಹಲಸಿನ ಹಪ್ಪಳ, ಹಲಸಿನ ಬೇಳೆ (ಬೀಜ) ಬೇಯಿಸಿ ಉಪ್ಪು ಹಾಕಿ ಒಣಗಿಸಿದ ಸಾಂತಾಣಿ, ಮಾವಿನ ರಸ ಒಣಗಿಸಿದ ಮಾಂಬಳ, ಪುನರ್ಪುಳಿ (ಕೋಕಂ) ಸಿಪ್ಪೆ, ಬಾಳಕ ಮೆಣಸು. ಉಪ್ಪುಸೊಳೆಗೆ (ಉಪ್ಪಿನಲ್ಲಿ ಇಡುವ ಹಲಸಿನ ಸೊಳೆ) ಮಾತ್ರ ಬಿಸಿಲು ಬೇಡ, ಭರಣಿ ಸಾಕು. ಉಳಿದದ್ದೆಲ್ಲ ಬಿಸಿಲಿನ ಕೆಲಸ. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ತೋಟದಲ್ಲಿ ಕೆಸು, ತಗಟೆ ಸೊಪ್ಪು ಬಿಟ್ಟರೆ ಜಾಸ್ತಿ ಏನೂ ಸಿಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಅನ್ನದ ಜತೆಗೆ ಬಟ್ಟಲಿಗೆ ಬೀಳುವುದು ಏನು ಅನ್ನುವುದೇ ಪ್ರಶ್ನೆ. ತರಕಾರಿ ಬರುವುದು ಘಟ್ಟದ ಮೇಲಿನಿಂದ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಸಂಪಾಜೆ–ಮಡಿಕೇರಿ ರಸ್ತೆ ಮುಚ್ಚಿದಾಗ ಈ ವಿಷಯ ನಮಗೆಲ್ಲ ಸರಿಯಾಗಿ ಅರ್ಥವಾಯಿತು. ಅಂಗಡಿಯಲ್ಲಿ ಟೊಮೆಟೊ ಮುಟ್ಟುವ ಹಾಗಿರಲಿಲ್ಲ. ಡಬ್ಬದ ಹಪ್ಪಳ, ಸಾಂತಾಣಿ ಬೇಗ ಖಾಲಿಯಾದವು.

ಈಗ ತೊಂದರೆ ಏನೆಂದರೆ ಆ ಬಿಸಿಲಿಗೇ ನಂಬಿಕೆ ಹೋಗಿದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹೊರಗೆ ಹಾದುಹೋಯಿತು. ಹಪ್ಪಳದ ನಟ್ಟನಡುವಿನ ಹೊತ್ತು ಅದು. ಚಾಪೆಯ ಮೇಲಿದ್ದ ಹಪ್ಪಳವನ್ನು ಒಳಗೆ ತಂದು ಫ್ಯಾನಿನ ಕೆಳಗೆ ಹರಡಿದರೂ ಬೂಷ್ಟು ಹಿಡಿಯಿತು. ಆ ವರ್ಷವೇ ಅತ್ತೆ ಹೇಳಿದ್ದರು, ಇನ್ನು ಅಂಗಳ ನಂಬಿ ಹಪ್ಪಳ ಒತ್ತುವುದು ಬೇಡ ಎಂದು. ಹಲಸಿನ ಮರವೂ ಮೊದಲಿನ ಲೆಕ್ಕದಲ್ಲಿಲ್ಲ. ನಮ್ಮ ಬಕ್ಕೆ (ಗಟ್ಟಿ ಸೊಳೆಯ ಹಲಸು) ಮರದ ಕಾಯಿ ಬಲಿಯುವಾಗ ಈಗ ಎಷ್ಟೋ ಸಲ ಮೇ ಬಂದಿರುತ್ತದೆ. ಮರ ತಡ, ಮಳೆ ಬೇಗ. ನಡುವೆ ಉಳಿಯುವ ಬಿಸಿಲು ಒಂದಷ್ಟೇ ದಿನದ್ದು.

2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಎಂದು ಘೋಷಿಸಿತು. ಘೋಷಣೆಯಾದ ಮೇಲೂ ನಮ್ಮ ಗುಡ್ಡೆಯಲ್ಲಿ ಜೂನ್ ಹೊತ್ತಿಗೆ ಮರದ ಬುಡದಲ್ಲಿ ಕೊಳೆಯುವ ಕಾಯಿಗೆ ಲೆಕ್ಕವಿಲ್ಲ.

ಲೆಕ್ಕ

ಕಟ್ಟುವ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆ. ಬಿಸಿ ಗಾಳಿ ಜಾಸ್ತಿ ನೀರಾವಿ ಹಿಡಿಯುತ್ತದೆ. 30 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ 30 ಗ್ರಾಂ ನೀರು ಹೊರಬಲ್ಲದು. 50 ಡಿಗ್ರಿಯದ್ದು 83 ಗ್ರಾಂ. ಮೇ ತಿಂಗಳ ಜಿಗುಟು ಗಾಳಿ, 30 ಡಿಗ್ರಿ, ತೇವಾಂಶ ಶೇ. 80 ಎಂದಿಟ್ಟುಕೊಳ್ಳಿ. ಅದನ್ನೇ 50 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ. 27ರ ಆಸುಪಾಸಿಗೆ ಇಳಿಯುತ್ತದೆ. ಅದೇ ಗಾಳಿ, ಅದೇ ನೀರು. ಆದರೆ ಈಗ ಅದಕ್ಕೆ ಹಪ್ಪಳದಿಂದ ಇನ್ನಷ್ಟು ನೀರು ಎಳೆದುಕೊಳ್ಳುವ ಜಾಗ ಇದೆ. ಬಿಸಿಲಮನೆಯ ಗುಟ್ಟು ಇಷ್ಟೇ. ಕಾಯಿಸಬೇಕು, ಆಮೇಲೆ ಆ ಗಾಳಿಯನ್ನು ಹೊರಗೆ ಬಿಡಬೇಕು. ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ.

ತಮಾಷೆ ಅಂದ್ರೆ, ನಮ್ಮ ಅಂಗಳ ಒದ್ದೆಯಾಗುವುದರ ಹಿಂದೆಯೂ ಇದೇ ಲೆಕ್ಕ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಅರಬ್ಬಿ ಸಮುದ್ರ ಕಳೆದ ಕೆಲವು ದಶಕಗಳಲ್ಲಿ ಬೆಚ್ಚಗಾಗಿದೆ, ಅಲ್ಲಿ ಚಂಡಮಾರುತಗಳೂ ಹೆಚ್ಚಾಗಿವೆ. ಮೇಲೆ ಹೋದ ನೀರು ಎಲ್ಲೋ ಒಂದು ಕಡೆ ಒಮ್ಮೆಲೇ ಸುರಿಯಲೇಬೇಕು.

ಇನ್ನು ಸಾಮರ್ಥ್ಯ. 128 ಚದರಡಿ ಅಂದರೆ ಸುಮಾರು 12 ಚದರ ಮೀಟರ್. ಒಳ್ಳೆಯ ಬಿಸಿಲಿದ್ದರೆ ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಶಕ್ತಿ ಬೀಳುತ್ತದೆ, ಒಟ್ಟು 60. ಇಂಥ ಮನೆಯಲ್ಲಿ ಅದರ ಕಾಲು ಭಾಗ ಉಪಯೋಗಕ್ಕೆ ಬಂದರೆ ದೊಡ್ಡದು, ಅಂದರೆ 15 ಯೂನಿಟ್. ಒಂದು ಕಿಲೋ ನೀರು ಆವಿಯಾಗಲು ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮೆ ಸಾಕು. ಹಾಗಾಗಿ ದಿನಕ್ಕೆ 20 ಕಿಲೋ ನೀರು ತೆಗೆಯಬಹುದು. ಮೋಡದ ದಿನ ಅದರ ಮೂರನೇ ಒಂದು ಪಾಲು. ಮನೆ ಖರ್ಚಿಗೆ ಇದು ಧಾರಾಳ.

ಎಲುಬು

ಪೈಪು 20 ಅಡಿ ಉದ್ದದ್ದೇ ಸಿಗುವುದು. ಅದಕ್ಕೆ ತಕ್ಕ ಹಾಗೆ ಅಳತೆ ಮಾಡಿದೆವು. ಎರಡೂ ಬದಿ ಮೂರಡಿ ನೇರ, ಮೇಲೆ ಕಮಾನು, ಸೇರಿ 18 ಅಡಿ. ಉಳಿದ ಒಂದೊಂದು ಅಡಿ ನೆಲದೊಳಗೆ. ಒಂದಿಂಚೂ ಕತ್ತರಿಸಿ ಬಿಸಾಡಬೇಕಾಗಲಿಲ್ಲ. ಬದಿಯಡ್ಕದಲ್ಲಿ ವೆಲ್ಡಿಂಗ್ ಅಂಗಡಿಯವನು ಐದನ್ನೂ ಒಂದೇ ಅಚ್ಚಿನಲ್ಲಿ ಬಗ್ಗಿಸಿಕೊಟ್ಟ. ಅಡಿಕೆಗೆ ಇಷ್ಟು ಸಣ್ಣದು ಸಾಲದು ಎಂದು ಮಲಯಾಳದಲ್ಲಿ ಬುದ್ಧಿ ಹೇಳಿದ. ಹಪ್ಪಳಕ್ಕೆ ಅಂದಾಗ ನಕ್ಕ. ಆಮೇಲೆ ತನ್ನ ಮನೆಯಲ್ಲೂ ಮೀನು ಒಣಗಿಸಲು ಆಗುತ್ತದಾ ಎಂದು ಕೇಳಿದ. ಆಗುತ್ತದೆ, ಆದರೆ ಹಪ್ಪಳದ ಮನೆಯಲ್ಲಿ ಬೇಡ.

ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲಕ್ಕೆ ಹಾರೆಯಿಂದ ಗುಂಡಿ ಮಾಡುವುದು ಬೆವರಿಳಿಸುವ ಕೆಲಸ. ಒಮ್ಮೆ ಆಯಿತೆಂದರೆ ಮತ್ತೆ ಪೈಪು ಅಲುಗಾಡುವುದಿಲ್ಲ, ಕಾಂಕ್ರೀಟು ಬೇಡ. ಕಮಾನುಗಳ ನಡುವೆ ನಾಲ್ಕಡಿ ಅಂತರ. ಅಡ್ಡಕ್ಕೆ ಅಡಿಕೆ ಮರದ ಸಲಾಕೆ ಕಟ್ಟಿದೆವು. ಸಲಾಕೆಯ ಸಿಬಿರು ಶೀಟಿಗೆ ತಾಗಿದರೆ ಅಲ್ಲೇ ಹರಿಯುತ್ತದೆ. ಅದಕ್ಕೆ ಹೊರಬದಿಯನ್ನು ಚೆನ್ನಾಗಿ ಹೆರೆದು ಹಳೆ ಸೈಕಲ್ ಟ್ಯೂಬು ಸುತ್ತಿದೆವು. ಪೈಪಿಗೆ ಬಿಳಿ ಬಣ್ಣ. ಕಾದ ಕಬ್ಬಿಣ ತಾಗುವ ಕಡೆಯೇ ಶೀಟು ಮೊದಲು ಸಾಯುವುದು, ಬಿಳಿ ಬಳಿದರೆ ಕಾವು ಕಡಿಮೆ.

ನೆಲಕ್ಕೆ ಸ್ವಲ್ಪ ಗಮನ ಕೊಡಿ. ಬರೀ ಮಣ್ಣಿನ ಮೇಲೆ ಮನೆ ಕಟ್ಟಿದರೆ ಬಿಸಿಲಿಗೆ ಮಣ್ಣಿನ ತೇವವೇ ಆವಿಯಾಗಿ ಒಳಗೆ ತುಂಬುತ್ತದೆ. ನಾವು ನೆಲಕ್ಕೆ ಮೊದಲು ಹಳೆ ಪ್ಲಾಸ್ಟಿಕ್ ಹಾಸಿದೆವು, ಅದರ ಮೇಲೆ ಎರಡು ಇಂಚು ಕರಿಕಲ್ಲಿನ ಜಲ್ಲಿ. ಕರಿ ಜಲ್ಲಿ ಹಗಲು ಕಾವು ಕುಡಿದು ಸಂಜೆ ಬಿಡುತ್ತದೆ. ಸುತ್ತಲೂ ಒಂದಡಿ ಅಗಲದ ಕಾಲುವೆ ತೆಗೆದೆವು. 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ನೀರು ಹೋಗುವ ದಾರಿ ಮಾಡದೆ ಇಲ್ಲಿ ಏನು ಕಟ್ಟಿದರೂ ಅದು ಕೆರೆಯಾಗುತ್ತದೆ.

ದಿಕ್ಕು: ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ. ಹಾಗಾಗಿ ಗಾಳಿ ಒಳಗೆ ಬರುವ ಕಿಂಡಿಗಳನ್ನು ಪೂರ್ವಕ್ಕೆ, ಬಾಗಿಲಿನ ಎರಡೂ ಬದಿ, ನೆಲದಿಂದ ಅರ್ಧ ಅಡಿ ಮೇಲೆ ಇಟ್ಟೆವು. ಸೊಳ್ಳೆ ಪರದೆ ಹೊಡೆದದ್ದರಿಂದ ನೊಣ ಬರುವುದಿಲ್ಲ. ಚಿಮಿಣಿ ಪಶ್ಚಿಮದ ತುದಿಯಲ್ಲಿ. 10 ಇಂಚು ಅಗಲದ ತಗಡಿನ ಕೊಳವೆ, ಮಾಡಿನಿಂದ (ಛಾವಣಿಯಿಂದ) ಐದಡಿ ಮೇಲಕ್ಕೆ, ಕಪ್ಪು ಬಣ್ಣ, ಮೇಲೊಂದು ಟೋಪಿ. ಕಪ್ಪು ಕೊಳವೆ ಬಿಸಿಲಿಗೆ ಕಾದಷ್ಟೂ ಒಳಗಿನ ಗಾಳಿಯನ್ನು ಜೋರಾಗಿ ಎಳೆಯುತ್ತದೆ.

ಶೀಟು ಹಾಕಿದ್ದು ಗಾಳಿ ಇಲ್ಲದ ಒಂದು ಮಧ್ಯಾಹ್ನ. ಬೆಳಗ್ಗಿನ ತಂಪಿನಲ್ಲಿ ಬಿಗಿದರೆ ಬಿಸಿಲೇರಿದಾಗ ಜೋತುಬೀಳುತ್ತದೆ. ಕಾದಾಗ ಬಿಗಿದರೆ ತಣಿದಾಗ ಇನ್ನೂ ಬಿಗಿಯಾಗುತ್ತದೆ. ಅಂಚಿಗೆ ಪಾಲಿಹೌಸಿನವರು ಬಳಸುವ ಚಾನೆಲ್ಲು, ಅಂಕುಡೊಂಕು ಸ್ಪ್ರಿಂಗು. ಮೊಳೆ ಹೊಡೆಯಲೇಬೇಡಿ. ಬುಡದಲ್ಲಿ ಉಳಿದ ಒಂದಡಿ ಶೀಟನ್ನು ಮಣ್ಣಲ್ಲಿ ಹೂತೆವು.

ಫ್ಯಾನು ಎರಡು, 12 ವೋಲ್ಟಿನವು, ಚಿಮಿಣಿಯ ಬುಡದಲ್ಲಿ. 20 ವ್ಯಾಟಿನ ಸೋಲಾರ್ ಪ್ಯಾನೆಲ್, ಬ್ಯಾಟರಿ ಇಲ್ಲ. ಬಿಸಿಲು ಜೋರಿದ್ದರೆ ಫ್ಯಾನು ಜೋರು, ಮೋಡ ಬಂದರೆ ನಿಧಾನ. ನಮಗೆ ಬೇಕಾದದ್ದೂ ಅದೇ. ಒಂದು ಎಚ್ಚರ: 12 ವೋಲ್ಟ್ ಎಂದು ಬರೆದಿರುವ ಪ್ಯಾನೆಲ್ ಖಾಲಿ ಇದ್ದಾಗ 21 ವೋಲ್ಟಿನವರೆಗೂ ಕೊಡುತ್ತದೆ. ನಡುವೆ ವೋಲ್ಟ್ ಇಳಿಸುವ ಸಣ್ಣ ಬೋರ್ಡು ಹಾಕದಿದ್ದರೆ ಫ್ಯಾನು ಸುಟ್ಟುಹೋಗುತ್ತದೆ. ಬೆಲೆ ನೂರು, ನೂರೈವತ್ತು ಅಷ್ಟೇ.

ತಟ್ಟಿಗೆ ಅಡಿಕೆ ಸಲಾಕೆಯ ಚೌಕಟ್ಟು, ಮೇಲೆ ಆಹಾರಕ್ಕೆ ಆಗುವ ನೈಲಾನ್ ಬಲೆ. ಕಬ್ಬಿಣದ ಜಾಲರಿ ಬೇಡ, ಪುನರ್ಪುಳಿಯ ಹುಳಿಗೆ ಅದು ಎರಡೇ ದಿನದಲ್ಲಿ ತುಕ್ಕು. ಕಾಲುಗಳ ಬುಡಕ್ಕೆ ಗೆರಟೆಯಲ್ಲಿ (ತೆಂಗಿನ ಚಿಪ್ಪಿನಲ್ಲಿ) ನೀರು ಇಟ್ಟು ಸ್ವಲ್ಪ ಬೂದಿ ಉದುರಿಸಿದರೆ ಇರುವೆ ಹತ್ತುವುದಿಲ್ಲ. ಎಲ್ಲ ತಟ್ಟಿ ತುಂಬಿಸಿದರೆ ಒಂದು ಸಲಕ್ಕೆ ಐನೂರರ ಮೇಲೆ ಹಪ್ಪಳ ಹಿಡಿಯುತ್ತದೆ.

ಮೊದಲ ಬಿಸಿ

ಮಾರ್ಚಿನಲ್ಲಿ ಖಾಲಿ ಮನೆಯ ಕಾವು ಅಳೆದೆವು. ಹೊರಗೆ 34, ಒಳಗೆ ಮಧ್ಯಾಹ್ನ 56. ಕಣ್ಣು ಉರಿಯುವಷ್ಟು. ಮೋಡ ಬಂದಾಗ ಹೊರಗೆ 31 ಇದ್ದರೆ ಒಳಗೆ 37, 38. ಮೊದಲು ಒಣಗಿಸಿದ್ದು ಬಾಳಕ ಮೆಣಸು. ಮಜ್ಜಿಗೆಯಲ್ಲಿ ಅದ್ದಿ ತೆಗೆದು ಹರಡಿದ್ದು ಸಲೀಸಾಗಿ ಒಣಗಿತು, ಬಣ್ಣ ಅಂಗಳದ್ದಕ್ಕಿಂತ ಚೆನ್ನಾಗಿತ್ತು.

ಹಪ್ಪಳ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬಲಿತ ಬಕ್ಕೆ ಕಾಯಿಯ ಸೊಳೆ ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು, ಜೀರಿಗೆ, ಇಂಗು ಹಾಕಿ ಗುದ್ದಿ, ಉಂಡೆ ಮಾಡಿ, ಮಣೆಯಲ್ಲಿ ಒತ್ತಿ ನೇರ 50 ಡಿಗ್ರಿಯ ಮನೆಗೆ ಹಾಕಿದರೆ ಅಂಚು ಮೊದಲು ಒಣಗುತ್ತದೆ, ನಡು ಹಸಿಯಾಗೇ ಇರುತ್ತದೆ. ಆಗ ಹಪ್ಪಳ ಒಣಗಿದ ಎಲೆಯ ಹಾಗೆ ಮುದುಡಿಕೊಳ್ಳುತ್ತದೆ. ಮುದುಡಿದ್ದು ಡಬ್ಬದಲ್ಲಿ ಪುಡಿಯಾಗುತ್ತದೆ. ಎಣ್ಣೆಗೆ ಹಾಕಿದರೆ ಒಂದು ಬದಿ ಕರಟಿ ಇನ್ನೊಂದು ಬದಿ ಬೇಯುವುದಿಲ್ಲ. ದಾರಿ ತೋರಿಸಿದ್ದು ಅತ್ತೆ. ಮೊದಲು ಕೆಳಗಿನ ಅಂತಸ್ತು. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಗಾಳಿ ಮಾತ್ರ ಬಿಸಿ. ಬೆರಳಿಗೆ ಅಂಟದ ಹಾಗೆ ಆದಾಗ ಮಗುಚಿ ಹಾಕಬೇಕು. ಬಗ್ಗಿಸಿದರೆ ಬಗ್ಗುವ, ಆದರೆ ಹರಿಯದ ಹದಕ್ಕೆ ಬಂದಾಗ ತೆಗೆದು, ಇಪ್ಪತ್ತು ಇಪ್ಪತ್ತೈದು ಒಂದರ ಮೇಲೊಂದು ಜೋಡಿಸಿ, ಮೇಲೆ ಮಣೆ ಇಟ್ಟು ಕಲ್ಲು ಹೇರಬೇಕು. ರಾತ್ರಿಯಿಡೀ ಹಾಗೇ ಬಿಟ್ಟರೆ ಒಳಗಿನ ತೇವ ಅಂಚಿಗೆ ಹರಡಿ ಎಲ್ಲ ಚಪ್ಪಟೆಯಾಗುತ್ತವೆ. ಮಾರನೇ ದಿನ ಮೇಲಿನ ಅಂತಸ್ತಿನಲ್ಲಿ ನೇರ ಬಿಸಿಲಿಗೆ. ಮುರಿದರೆ ಕಟ್ ಅನ್ನಬೇಕು, ಆಗ ಡಬ್ಬಕ್ಕೆ.

ಇನ್ನೊಂದು ತಲೆನೋವು ಹನಿ. ಸಂಜೆ ಶೀಟು ತಣಿದ ಕೂಡಲೇ ಒಳಗಿನ ಆವಿ ಅದಕ್ಕೆ ಹತ್ತಿ ನೀರಾಗಿ ಟಪ ಟಪ ಹಪ್ಪಳದ ಮೇಲೆ ಬೀಳುತ್ತಿತ್ತು. ಹನಿ ಬಿದ್ದಲ್ಲಿ ಮರುದಿನ ಬಿಳಿ ಕಲೆ, ಆಮೇಲೆ ಬೂಷ್ಟು. ಇದಕ್ಕೆ ಮೂರು ಬದಲಾವಣೆ ಮಾಡಿದೆವು. ಮಾಡಿನ ತುದಿಯ ಉದ್ದಕ್ಕೂ ಒಂದು ಅಂಗೈ ಅಗಲದ ಕಿಂಡಿ ತೆರೆದು, ಅದರ ಮೇಲೆ ಮುಚ್ಚಿ ತೆಗೆಯುವ ಪಟ್ಟಿ ಹೊಲಿದೆವು. ತಟ್ಟಿಗಳನ್ನು ನಡುವಿನಿಂದ ಬದಿಗೆ ಸರಿಸಿದೆವು, ನಡುವೆ ಓಡಾಡುವ ದಾರಿ ಮಾತ್ರ. ಕಮಾನಿನ ಇಳಿಜಾರಿನಲ್ಲಿ ನೀರು ಬೀಳದೆ ಜಾರಿ ಬುಡಕ್ಕೆ ಹೋಗುತ್ತದೆ, ಬೀಳುವುದು ನಡುವಿನ ಸಮತಟ್ಟಿನಿಂದ. ಮತ್ತೆ ಸಂಜೆ ನಾಲ್ಕೂವರೆಗೆ ಬಾಗಿಲು, ಕಿಂಡಿ ಎಲ್ಲ ತೆರೆದು ಆವಿ ಹೊರಗೆ ಬಿಟ್ಟು, ಐದೂವರೆಗೆ ತಟ್ಟಿ ಒಳಗೆ ತರುವುದು. ಬಿಸಿಲಮನೆಯಲ್ಲಿ ರಾತ್ರಿ ಏನನ್ನೂ ಬಿಡುವುದಿಲ್ಲ.

ಮಂಗ

ಕಾಗೆ, ನಾಯಿ, ಕೋಳಿ ಎಲ್ಲದರಿಂದ ಬಿಡುಗಡೆ ಸಿಕ್ಕಿತು. ಮಂಗನಿಂದ ಸಿಗಲಿಲ್ಲ. ಒಳಗೆ ಹಪ್ಪಳ ಕಾಣುತ್ತದೆ, ಮುಟ್ಟಲು ಆಗುವುದಿಲ್ಲ. ಒಂದು ಗಂಡು ಮಾಡಿನ ಮೇಲೆ ಕುಳಿತು ಉಗುರಿನಿಂದ ಎಳೆದು ಎರಡು ಕಡೆ ಸೀಳಿತು. ಒಂದು ಸೀಳು ಮೊಳದುದ್ದ.

ತೇಪೆ ಹಾಕುವುದು ಹೀಗೆ. ಸಾಮಾನ್ಯ ಸೆಲ್ಲೋ ಟೇಪು ಕಾವಿಗೆ ಎರಡು ದಿನ ನಿಲ್ಲುವುದಿಲ್ಲ. ಪಾಲಿಹೌಸಿನ ಯುವಿ ಟೇಪೇ ಬೇಕು. ಸೀಳಿನ ಎರಡೂ ತುದಿಗೆ ಮೊದಲು ಒಂದೊಂದು ಗುಂಡನೆ ತೂತು ಮಾಡಿ, ಸೀಳು ಮುಂದಕ್ಕೆ ಓಡುವುದಿಲ್ಲ. ಸಾಬೂನು ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಒಳಗೂ ಹೊರಗೂ ಟೇಪು ಹಚ್ಚಿ. ಕೈಯಿಂದ ನೀವಿ ಗಾಳಿಗುಳ್ಳೆ ತೆಗೆಯಿರಿ. ಬೆಳಗ್ಗೆ ಇಬ್ಬನಿ ಇರುವಾಗ ಹಚ್ಚಿದ ಟೇಪು ಮಧ್ಯಾಹ್ನಕ್ಕೇ ಎದ್ದು ಬರುತ್ತದೆ.

ಮತ್ತೆ ಹರಿಯದ ಹಾಗೆ ಕುಂಬಳೆ ಕಡೆಯಿಂದ ಹಳೆ ಮೀನುಬಲೆ ತಂದು, ಶೀಟಿನಿಂದ ಒಂದಡಿ ಮೇಲೆ ಸಡಿಲವಾಗಿ ಕಟ್ಟಿದೆವು. ಬಿಗಿಯಾಗಿ ಕಟ್ಟಿದರೆ ಮಂಗ ಅದರ ಮೇಲೇ ನಡೆಯುತ್ತದೆ. ಸಡಿಲವಿದ್ದರೆ ಕಾಲು ಸಿಕ್ಕಿಹಾಕಿಕೊಳ್ಳುವ ಹೆದರಿಕೆ. ಬಲೆಯಿಂದ ನೆರಳು ಸ್ವಲ್ಪ ಬೀಳುತ್ತದೆ, ಕಾವು ಎರಡು ಡಿಗ್ರಿ ಕಡಿಮೆಯಾಯಿತು. ಇರಲಿ.

ಮೇ 24

2025ರಲ್ಲಿ ಕೇರಳಕ್ಕೆ ಮುಂಗಾರು ಕಾಲಿಟ್ಟದ್ದು ಮೇ 24ಕ್ಕೆ. ಲೆಕ್ಕದ ದಿನ ಜೂನ್ 1. ಇಷ್ಟು ಬೇಗ ಬಂದದ್ದು 2009ರ ನಂತರ ಅದೇ ಮೊದಲು, ಆಗ ಮೇ 23. ಅದಕ್ಕೆ ಮೊದಲೇ ಜೋರು ಮಳೆ ಶುರುವಾಗಿತ್ತು. ನಮ್ಮಲ್ಲಿ ಆಗ ಅರ್ಧ ಹಪ್ಪಳ ಡಬ್ಬದಲ್ಲಿ, ಅರ್ಧ ತಟ್ಟಿಯಲ್ಲಿ. ಪುನರ್ಪುಳಿ ಇನ್ನೂ ಮರದಲ್ಲೇ. ಮಳೆ ಬಿದ್ದ ಮೇಲೆ ಪುನರ್ಪುಳಿ ಹಣ್ಣು ನೀರು ಕುಡಿದು ಉದುರಿ ಕೊಳೆಯುತ್ತದೆ. ಸಿಪ್ಪೆ ಒಣಗಿಸಿ ಇಟ್ಟರೆ ವರ್ಷವಿಡೀ ಸಾರು.

ಬರೀ ಬಿಸಿಲು ನಂಬಿದ ಮನೆ ಇಂಥ ದಿನಕ್ಕೆ ಸಾಲದು. ಮೊದಲು ನಮ್ಮ ಒಲೆಯ ಮೇಲೆ ಅಟ್ಟ ಇತ್ತು. ಮೀನು, ಮೆಣಸು, ಹುಲ್ಲಿನಲ್ಲಿ ಕಟ್ಟಿದ ಬೀಜದ ಮುಡಿ ಎಲ್ಲ ಹೊಗೆಯಲ್ಲಿ ಬೆಚ್ಚಗಿರುತ್ತಿದ್ದವು. ಗ್ಯಾಸ್ ಬಂತು, ಹೊಗೆ ಹೋಯಿತು, ಕಣ್ಣಿಗೆ ಒಳ್ಳೆಯದಾಯಿತು. ಆದರೆ ಮಳೆಗಾಲದಲ್ಲಿ ಒಣಗಿಸುವ ಒಂದೇ ಜಾಗವೂ ಅದರ ಜತೆ ಹೋಯಿತು. ಹಾಗಾಗಿ ಬಿಸಿಲಮನೆಗೆ ಒಂದು ಒಲೆ ಸೇರಿಸಿದೆವು.

ಒಲೆ ಪೂರ್ವದ ಮೂಲೆಯಲ್ಲಿ, ಹೊರಗೆ. ಮುರಕಲ್ಲಿನ ಗೋಡೆ, ಮೇಲೆ ತಗಡು. ಅಲ್ಲಿಂದ 4 ಇಂಚಿನ ಕಬ್ಬಿಣದ ಪೈಪು ನೆಲದಿಂದ ಒಂದಡಿ ಎತ್ತರದಲ್ಲಿ ಹೊರಟು, ಸ್ವಲ್ಪ ಸ್ವಲ್ಪ ಏರುತ್ತಾ ಪಶ್ಚಿಮಕ್ಕೆ ಹೋಗಿ, ಚಿಮಿಣಿಯ ಒಳಗಿಂದಲೇ ಮೇಲೆ ಹೋಗುತ್ತದೆ. ಚಿಮಿಣಿ ಅಗಲವಾಗಿ ಇದ್ದದ್ದು ಒಳ್ಳೆಯದಾಯಿತು. ಹೊಗೆ ಪೈಪಿನ ಕಾವಿಗೆ ಚಿಮಿಣಿಯ ಗಾಳಿಯೂ ಏಳುತ್ತದೆ. ಮೋಡದ ದಿನ ಫ್ಯಾನು ತಿರುಗದಿದ್ದರೂ ಗಾಳಿ ಓಡುತ್ತದೆ. ಹೊಗೆ ಪೈಪು ಚಿಮಿಣಿ ಬಾಯಿಗಿಂತ ಎರಡಡಿ ಮೇಲಕ್ಕೆ ಇರಲಿ, ಹೊಗೆ ವಾಪಸು ಬರಬಾರದು. ಜಿ.ಐ. ಪೈಪು ಇಲ್ಲಿಗೆ ಬೇಡ. ಜೋರು ಬೆಂಕಿಗೆ ಅದರ ಸತುವಿನ ಲೇಪ ಆವಿಯಾಗುತ್ತದೆ, ಅದು ಒಳ್ಳೆಯದಲ್ಲ. ಪೈಪು ಒಳಗೆ ಬರುವ ಕಡೆ ಶೀಟು ಕತ್ತರಿಸಿ ಎರಡಡಿ ಚೌಕದ ತಗಡು ಹಾಕಿದೆವು, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗುತ್ತದೆ. ಕೀಲುಗಳಿಗೆ ಜೇಡಿಮಣ್ಣು ಮೆತ್ತಿದೆವು. ಬೆಂಕಿ ಇರುವಾಗ ಬಾಗಿಲು ಹಾಕಿಕೊಂಡು ಒಳಗೆ ಯಾರೂ ಕೂರುವ ಹಾಗಿಲ್ಲ, ಮಕ್ಕಳಂತೂ ಆ ಕಡೆ ಬರಲೇಬಾರದು.

ಸೌದೆ ಗೆರಟೆ ಮತ್ತು ತೆಂಗಿನ ಸಿಪ್ಪೆ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೊಬ್ಬರಿ ಒಣಗಿಸಲು ಗೆರಟೆ ಉರಿಸುವ ಡ್ರೈಯರ್ ಮಾಡಿಕೊಟ್ಟಿದೆ. ಗೆರಟೆಯ ಗುಣ ಅಂದರೆ ಒಂದೇ ಸಮ ಉರಿ, ಕಡಿಮೆ ಹೊಗೆ. ಮಳೆ ಹೊಯ್ಯುತ್ತಿರುವಾಗ ಹೊರಗೆ 26, ಒಳಗೆ 46, 48 ಸಿಕ್ಕಿತು. ಹಪ್ಪಳ ಉಳಿಯಿತು. ಪುನರ್ಪುಳಿಯಲ್ಲಿ ಅರ್ಧ ಕೈಗೆ ಬಂತು. ಉಳಿದರ್ಧ ಮರದ ಬುಡದಲ್ಲೇ ಹೋಯಿತು, ಅದಕ್ಕೆ ಯಾವ ಮನೆ ಕಟ್ಟಿದರೂ ಪ್ರಯೋಜನವಿಲ್ಲ.

ಅಡಿಕೆಯ ಜಗಳ

ಮನೆಯಲ್ಲಿ ಒಂದು ವಾದ ಇನ್ನೂ ನಡೆದೇ ಇದೆ. ಅಷ್ಟು ಖರ್ಚು ಮಾಡಿ ಕಟ್ಟಿದ್ದು, ಅದರಲ್ಲಿ ಅಡಿಕೆ ಹಾಕಿದರೆ ಚಾಲಿ (ಒಣಗಿಸಿ ಸುಲಿಯುವ ಅಡಿಕೆ) ಬೇಗ ಆಗುವುದಿಲ್ಲವಾ ಎಂದು. ಆಗುತ್ತದೆ. ಅಂಗಳದಲ್ಲಿ ಒಂದೂವರೆ ತಿಂಗಳು ಬೇಕಾದ್ದು ಇಲ್ಲಿ ಬೇಗ ಮುಗಿಯುತ್ತದೆ. ಆದರೆ ಅಡಿಕೆ ಒಮ್ಮೆ ಒಳಗೆ ಬಂದರೆ ಹೊರಗೆ ಹೋಗುವುದಿಲ್ಲ. ದುಡ್ಡಿನ ಬೆಳೆ ಅದು, ಅದಕ್ಕೆ ಯಾವಾಗಲೂ ಮೊದಲ ಮಣೆ. ಅಡಿಕೆ ಹಾಳಾದರೆ ಎಷ್ಟು ಸಾವಿರ ಹೋಯಿತು ಎಂದು ಮನೆಯವರಿಗೆಲ್ಲ ಬಾಯಿಪಾಠ. ಹಪ್ಪಳ, ಸಾಂತಾಣಿ ಹಾಳಾದರೆ ಎಷ್ಟು ಹೋಯಿತು? ಯಾರೂ ಬರೆದಿಡುವುದಿಲ್ಲ. ಹಾಗಂತ ಜುಲೈಯಲ್ಲಿ ಅದಕ್ಕೆ ಬದಲು ತರಕಾರಿ, ಬೇಳೆ ಕೊಳ್ಳಲು ಹೋಗುವುದು ಅದೇ ಅಡಿಕೆಯ ದುಡ್ಡು. ಸದ್ಯದ ರಾಜಿ: ಡಿಸೆಂಬರಿನಿಂದ ಮಾರ್ಚಿನವರೆಗೆ ಅಡಿಕೆ, ಏಪ್ರಿಲಿನಿಂದ ಮಳೆ ಹಿಡಿಯುವವರೆಗೆ ಅಡುಗೆಮನೆ, ಅಕ್ಟೋಬರ್‌ನಲ್ಲಿ ಬತ್ತ.

ಬತ್ತ

ಬೈಲಿನಲ್ಲಿ ನಮಗೆ ಸಣ್ಣ ಗದ್ದೆ ಉಳಿದಿದೆ, ಏಣೆಲು (ಮಳೆಗಾಲದ ಬೆಳೆ) ಒಂದೇ ಬೆಳೆ. ಕೊಯ್ಲಿನ ಹೊತ್ತಿಗೆ ಮಳೆ ಬಿಡುವುದಿಲ್ಲ ಎನ್ನುವುದು ಈಗ ಮಾಮೂಲು. 2019ರ ಅಕ್ಟೋಬರ್ ಕೊನೆಗೆ ಅರಬ್ಬಿ ಸಮುದ್ರದಲ್ಲಿ ಕ್ಯಾರ್, ಅದರ ಬೆನ್ನಿಗೇ ಮಹಾ ಚಂಡಮಾರುತ ಎದ್ದಾಗ ಅಂಗಳದ ಟರ್ಪಾಲಿನ ಕೆಳಗೇ ಬತ್ತ ಮೊಳಕೆ ಬಂದಿತ್ತು.

ಹೊಸ ಬತ್ತದಲ್ಲಿ ತೇವ ಶೇ. 20ರ ಮೇಲೆ ಇರುತ್ತದೆ. ಇಡಲು ಶೇ. 13ಕ್ಕೆ ಇಳಿಯಬೇಕು, ಬೀಜಕ್ಕಾದರೆ 12. ಶೇ. 22 ಇರುವ ಒಂದು ಕ್ವಿಂಟಾಲ್ ಬತ್ತ 13ಕ್ಕೆ ಬಂದಾಗ ತೂಕ 90 ಕಿಲೋಗಿಂತ ಸ್ವಲ್ಪ ಕಡಿಮೆ, ಅಂದರೆ 10 ಕಿಲೋ ಚಿಲ್ಲರೆ ನೀರು. ಒಳ್ಳೆಯ ಬಿಸಿಲಿದ್ದರೆ ಒಂದೇ ದಿನದ ಕೆಲಸ ಎಂದು ಲೆಕ್ಕ ಹೇಳುತ್ತದೆ. ಆದರೆ ಅವಸರಪಟ್ಟರೆ ಕಾಳು ಒಳಗೇ ಬಿರಿದು ಗಿರಣಿಯಲ್ಲಿ ನುಚ್ಚಾಗುತ್ತದೆ. ಬೀಜದ ಬತ್ತಕ್ಕೆ 43 ಡಿಗ್ರಿ ದಾಟಬಾರದು, ಮೊಳಕೆಯ ಶಕ್ತಿ ಹೋಗುತ್ತದೆ. ಹಾಗಾಗಿ ಬತ್ತ ಹಾಕಿದಾಗ ಬಾಗಿಲು, ಮಾಡಿನ ಕಿಂಡಿ ಪೂರ್ತಿ ತೆರೆದಿಡುತ್ತೇವೆ. ತಟ್ಟಿಗೆ ಹಳೆ ಪಂಚೆ ಹಾಸಿ ಅರ್ಧ ಇಂಚು ಹರಡಿ, ಗಂಟೆಗೊಮ್ಮೆ ಕೈಯಾಡಿಸಬೇಕು.

ತೇವ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಉಪ್ಪಿನ ಪರೀಕ್ಷೆ ಸಾಕು. ಒಣ ಗಾಜಿನ ಬಾಟಲಿಗೆ ಮುಕ್ಕಾಲು ಪಾಲಿಗೆ ಕಡಿಮೆ ಬತ್ತ ಹಾಕಿ, ಎರಡು ಚಮಚ ಹುರಿದು ಒಣಗಿಸಿದ ಪುಡಿ ಉಪ್ಪು ಸೇರಿಸಿ, ಮುಚ್ಚಿ ಕುಲುಕಿ ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ. 15ರ ಮೇಲೆ, ಮತ್ತೆ ಒಣಗಿಸಬೇಕು. ಅಂಟದೆ ಬುಡಕ್ಕೆ ಉದುರಿದರೆ 15ಕ್ಕೆ ಕೆಳಗೆ. ಆಮೇಲೂ ಒಂದು ಬಿಸಿಲು ಕೊಡುತ್ತೇವೆ. ಹಲ್ಲಿಗೆ ಹಾಕಿದರೆ ಕಟ್ ಅಂತ ಎರಡಾಗಬೇಕು.

ಬೀಜದ ಮೇಲೆ ಇಷ್ಟು ಕಾಳಜಿ ಯಾಕೆ ಅಂದರೆ, ಅದು ಊರಿನ ತಳಿ, ಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ. ನಮ್ಮ ಜಿಲ್ಲೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಬತ್ತದ ತಳಿ ಉಳಿಸಿದ್ದಾರೆ, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮದು ಒಂದೇ ತಳಿ. ನೆಕ್ಕಿ (ಲಕ್ಕಿ) ಸೊಪ್ಪು ಒಣಗಿಸಿ ನಡುನಡುವೆ ಹಾಕಿ, ಗಾಳಿಯಾಡದ ಡ್ರಮ್ಮಿನಲ್ಲಿ ಮುಚ್ಚಿಟ್ಟಿದ್ದೇವೆ. ಮುಡಿ ಕಟ್ಟಬಲ್ಲವರು ಈಗ ಸಿಗುವುದು ಕಷ್ಟ.

ಖರ್ಚು, ಬಾಕಿ ಕೆಲಸ

ಪೈಪು, ಬಗ್ಗಿಸುವ ಕೂಲಿ, ಶೀಟು, ಚಾನೆಲ್ಲು, ಫ್ಯಾನು, ಪ್ಯಾನೆಲ್, ಚಿಮಿಣಿ ಎಲ್ಲ ಸೇರಿ 18 ಸಾವಿರದ ಒಳಗೆ. ಒಲೆಯ ಪೈಪು ಬೇರೆ, ಗುಜರಿಯಲ್ಲಿ ಸಿಕ್ಕಿತು. ಸಲಾಕೆ, ಮುರಕಲ್ಲು, ಮೈಮುರಿ ಕೆಲಸ ನಮ್ಮದೇ. ಸಬ್ಸಿಡಿಗೆ ಕೇಳಿ ನೋಡಿದೆವು, ಅಡಿಕೆಗೆ ಅಂತ ಬರೆದರೆ ದಾರಿ ಇದೆ, ಹಪ್ಪಳಕ್ಕೆ ಅಂದರೆ ಯಾವ ಕಾಲಮ್ಮಿಗೂ ಕೂರುವುದಿಲ್ಲ ಎಂದರು. ಸುಮ್ನೆ ವಾಪಸು ಬಂದೆವು.

ಶೀಟು ಮೂರು ನಾಲ್ಕು ವರ್ಷ ಬಾಳಬಹುದು. ಪಶ್ಚಿಮದ ಬದಿ ಈಗಲೇ ಸ್ವಲ್ಪ ಮಂಜಾಗಿದೆ, ಪಾಚಿ. ಮಳೆ ಬಿಟ್ಟ ಕೂಡಲೇ ಮೆತ್ತನೆ ಬಟ್ಟೆ, ಸಾಬೂನು ನೀರಲ್ಲಿ ಒರೆಸಬೇಕು, ಬ್ರಷ್ ಹಾಕಬಾರದು. ಹೊಗೆ ಪೈಪಿನ ಒಳಗೆ ಮಸಿ ಕಟ್ಟುತ್ತದೆ. ಗೋಣಿ ಸುತ್ತಿದ ಬಿದಿರು ತೂರಿಸಿ ವರ್ಷಕ್ಕೊಮ್ಮೆ ಎಳೆಯಬೇಕು, ಅದಕ್ಕಾಗಿ ತುದಿಯ ಒಂದು ಕೀಲನ್ನು ಬಿಚ್ಚುವ ಹಾಗೆ ಇಟ್ಟಿದ್ದೇವೆ.

ಕೆಳಗಿನ ಮನೆಯ ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ) ಗುಂಪಿನವರು ಬಂದು ನೋಡಿದರು. ಐದು ಮನೆಗೆ ಸೇರಿ ಒಂದು ಕಟ್ಟುವ ಯೋಚನೆ. ಅವರ ಅಂಗಳ ಉದ್ದಕ್ಕಿಲ್ಲ, 12 ಅಡಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಹಾಗಾದರೆ ನಾಲ್ಕು ಕಮಾನು ಸಾಕು, ತಟ್ಟಿ ಮೂರು ಅಂತಸ್ತು ಮಾಡಬಹುದು. ಆದರೆ ಪಶ್ಚಿಮಕ್ಕೆ ದೊಡ್ಡ ಮಾವಿನ ಮರ ಇದೆ, ಮೂರು ಗಂಟೆಗೇ ನೆರಳು. ಒಲೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ ಎಂದು ಹೇಳಿದ್ದೇನೆ. ಚಿಮಿಣಿ 10 ಇಂಚಿಗಿಂತ ಸಣ್ಣದು ಬೇಡ ಎಂದೂ.